ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಯುವಜನರಿಗೂ ಕುಟುಂಬಗಳಿಗೂ ಅಧ್ಯಯನ ಪಾಠ
ಓದಿಕೊಳ್ಳಬೇಕಾದ ಭಾಗ: 1 ಅರಸುಗಳು 19:1-18



ಪತ್ತಿಕೊಂಡ ಮಾರುಕಟ್ಟೆಯಲ್ಲಿ ಟೊಮೇಟೊ ಬೆಲೆ ಬಿದ್ದ ದಿನ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕೀಳುವ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದು ಹೋದವರನ್ನು ಕಂಡಿದ್ದೇವೆ. ಮಳೆ ಕೈಕೊಟ್ಟ ವರ್ಷ ಆದೋನಿ, ಕೋಸಿಗಿ ಕಡೆಯ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತವೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಊರಲ್ಲಿ ಉಳಿಯುತ್ತಾರೆ. ಡಿಗ್ರಿ ಮುಗಿಸಿದವರು ಡಿಎಸ್‌ಸಿ, ಗ್ರೂಪ್ಸ್, ಬ್ಯಾಂಕ್ ಪರೀಕ್ಷೆ ಎಂದು ವರ್ಷಗಟ್ಟಲೆ ಓದುತ್ತಾರೆ.

ಇಂಥ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಹೇಳುವ ಮಾತು ಒಂದೇ: ಧೈರ್ಯವಾಗಿರು, ದೇವರ ಮೇಲೆ ಭಾರ ಹಾಕು. ಮಾತು ತಪ್ಪಲ್ಲ. ಆದರೆ ಸೋತ ಮನುಷ್ಯನಿಗೆ ದೇವರೇ ಮೊದಲು ಕೊಟ್ಟದ್ದು ಏನು ಎಂಬುದನ್ನು ಪವಿತ್ರ ಗ್ರಂಥದಲ್ಲಿ ನೋಡೋಣ.

ಎಲೀಯನ ಕಥೆ

ಎಲೀಯ ಸಾಮಾನ್ಯನಲ್ಲ, ದೊಡ್ಡ ಪ್ರವಾದಿ. ಕಾರ್ಮೆಲ್ ಬೆಟ್ಟದಲ್ಲಿ ಗೆದ್ದವನು. ಆದರೂ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು ಒಬ್ಬನೇ ಅಡವಿಗೆ ಹೋದ. ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲಿ ಎಂದು ಬೇಡಿಕೊಂಡು ಮಲಗಿಬಿಟ್ಟ.

ದೇವದೂತ ಬಂದು ಬೈಯಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ತಿನ್ನಿಸಿದ. ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ ಹೋರೇಬ್ ಬೆಟ್ಟದಲ್ಲಿ ದೇವರು ಎಲೀಯನ ದೂರನ್ನು ಒಂದಲ್ಲ, ಎರಡು ಸಲ ಕೇಳಿಸಿಕೊಂಡರು. ನಂತರ ಕೈಗೆ ಕೆಲಸ ಕೊಟ್ಟರು, ಎಲೀಷನೆಂಬ ಜೊತೆಗಾರನನ್ನು ಕೊಟ್ಟರು, ನೀನು ಒಬ್ಬನೇ ಅಲ್ಲ, ಇನ್ನೂ 7,000 ಮಂದಿ ಇದ್ದಾರೆ ಎಂದು ತಿಳಿಸಿದರು.

ಊಟ ಮತ್ತು ನಿದ್ದೆ, ಕೇಳಿಸಿಕೊಳ್ಳುವ ಕಿವಿ, ಸಣ್ಣ ಕೆಲಸ, ಜೊತೆ. ನಾವು ಬುದ್ಧಿಮಾತಿನಿಂದ ಶುರು ಮಾಡುತ್ತೇವೆ, ದೇವರು ರೊಟ್ಟಿಯಿಂದ ಶುರು ಮಾಡಿದರು.

ನನ್ನ ಅನುಭವ

ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಒಂದು ಪರೀಕ್ಷೆಗೆ ಓದಿದೆ. ಎರಡನೆಯ ಸಲವೂ ಆಗಲಿಲ್ಲ. ರಾತ್ರಿ ಎರಡರವರೆಗೆ ಮೊಬೈಲ್ ನೋಡುವುದು, ಹತ್ತಕ್ಕೆ ಏಳುವುದು, ಊಟಕ್ಕೆ ಕರೆದರೆ ಸಿಡುಕುವುದು. ಭಾನುವಾರ ಬಲಿಪೂಜೆಗೆ ಹೋದರೂ ಮುಗಿಯುವ ಮೊದಲೇ ಹೊರಗೆ ಬರುತ್ತಿದ್ದೆ, ಯಾರಾದರೂ "ರಿಸಲ್ಟ್ ಏನಾತಪ್ಪಾ?" ಎಂದು ಕೇಳಿಯಾರು ಎಂಬ ಭಯ. ಹಲವರು ಬುದ್ಧಿ ಹೇಳಿದರು. ನನ್ನ ಸೋದರಮಾವ ಮಾತ್ರ ಬುದ್ಧಿ ಹೇಳಲಿಲ್ಲ. "ನಾಳೆ ಮುಂಜಾನೆ ಬಾರೋ, ಹೊಲದಾಗ ಡ್ರಿಪ್ ಪೈಪ್ ಜೋಡಿಸೋದೈತಿ, ಒಬ್ಬನಿಗೆ ಆಗಂಗಿಲ್ಲ" ಎಂದರು. ಹೋದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೊಟ್ಟೆ ಹಸಿದಿತ್ತು. ಅಂದು ರಾತ್ರಿ ನಿದ್ದೆ ಬಂತು. ನಾಲ್ಕನೆಯ ದಿನ ಕೆಲಸದ ನಡುವೆ ನಾನಾಗಿಯೇ ಬಾಯಿಬಿಟ್ಟು ಹೇಳಿಕೊಂಡೆ. ಮಾವ ಪೈಪ್ ಕೆಳಗಿಟ್ಟು ಕೇಳಿದರು, ಅಷ್ಟೇ. ಪರೀಕ್ಷೆ ಇಂದಿಗೂ ಪಾಸಾಗಿಲ್ಲ. ಆದರೆ ನಾನು ಎದ್ದು ನಿಂತೆ.

ದಿನವೂ ಮಾಡಬಹುದಾದ ನಾಲ್ಕು

ಮುಂಗಾರು ಬಿದ್ದ ಕೂಡಲೇ ಜೊನ್ನಗಿರಿ, ತುಗ್ಗಲಿ ಹೊಲಗಳಲ್ಲಿ ವಜ್ರ ಹುಡುಕಲು ಜನ ಸೇರುತ್ತಾರೆ. ಮನಸ್ಸಿನ ಬಲ ಹಾಗೆ ಒಂದು ದಿನ ಸಿಗುವ ವಜ್ರವಲ್ಲ. ಅದು ಶೇಂಗಾ ಬೆಳೆಯಂತೆ, ದಿನವೂ ಕಳೆ ಕೀಳಬೇಕು.

1. ನಿದ್ದೆ ಮತ್ತು ಊಟ. ದೊಡ್ಡವರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಮುಂಚೆಯೇ ಮೊಬೈಲ್ ಬೇರೆ ಕೋಣೆಯಲ್ಲಿಡಿ. ಕುಡಿದರೆ ಬೇಗ ನಿದ್ದೆ ಬಂದಂತೆ ಕಾಣುತ್ತದೆ, ಆದರೆ ನಡುರಾತ್ರಿ ಅದು ನಿದ್ದೆ ಕೆಡಿಸುತ್ತದೆ.

2. ದೇಹದ ಚಲನೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೂ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಹೊಲದಲ್ಲಿ ದುಡಿಯುವವರಿಗೆ ಇದು ತಾನಾಗಿಯೇ ಆಗುತ್ತದೆ, ಪುಸ್ತಕದ ಮುಂದೆ ಕೂರುವವರು ಎದ್ದು ನಡೆಯಬೇಕು.

3. ಉಸಿರು. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ ಎದೆ ಬಡಿತ ಏರುತ್ತದೆ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ ಮಾಡಿ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಆದ್ದರಿಂದ ಹೊರಬಿಡುವುದು ಉದ್ದವಾಗಿರಲಿ. ನಿಧಾನವಾಗಿ ಜಪಸರ ಹೇಳುವವರಿಗೆ ಈ ಲಯ ಹೊಸದೇನಲ್ಲ.

4. ಒಬ್ಬರೊಂದಿಗೆ ಮಾತು. ದಿನಕ್ಕೆ ಒಬ್ಬರ ಹತ್ತಿರ ಮನಸ್ಸಿನ ಒಂದು ನಿಜ ಮಾತು ಆಡಿ. ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ದುಃಖ ಮಾತ್ರ ಮನೆಯ ಕನ್ನಡದಲ್ಲೇ ಬರುತ್ತದೆ. ಅದಕ್ಕೆ ಮನೆಯಲ್ಲಿ ಕಿವಿ ಬೇಕು. ಕೇಳುವವರು ನಡುವೆ ಬಾಯಿ ಹಾಕಬಾರದು, ನೆರೆಮನೆಯ ಹುಡುಗನಿಗೆ ಹೋಲಿಸಬಾರದು.

ಅಷ್ಟರಿಂದ ಆಗದಿದ್ದರೆ

ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ಅದು ಸೋಮಾರಿತನವಲ್ಲ, ದೆವ್ವವೂ ಅಲ್ಲ. ವೈದ್ಯರು ನೋಡಬೇಕಾದ ಕಾಯಿಲೆ ಇರಬಹುದು. ಜ್ವರಕ್ಕೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ತಗೊಳ್ಳುತ್ತೇವೆ. ಇದೂ ಹಾಗೆಯೇ.

ಈ ಕಾಯಿಲೆಗೆ ಹಳ್ಳಿಯಲ್ಲೇ ಆರೈಕೆ ಸಾಧ್ಯ ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಇಂದು ಕರ್ನೂಲಿನ ಸರ್ಕಾರಿ ಸರ್ವಜನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಮನೆಯಿಂದ ಹೊರಡಲಾಗದವರಿಗೆ 14416 ಇದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತಾಡಬಹುದು.

ಯಾರಾದರೂ ಬದುಕು ಸಾಕು ಎಂದರೆ ಹಗುರವಾಗಿ ತಗೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳೆಗೆ ಹೊಡೆಯುವ ಔಷಧಿ ಯಾರ ಮನೆಯಲ್ಲೇ ಇರಲಿ, ಬೀಗ ಹಾಕಿಡಿ. ಕೆಟ್ಟ ಗಳಿಗೆ ಬಹಳ ಸಲ ಚಿಕ್ಕದು, ಅದು ದಾಟಿದರೆ ಜೀವ ಉಳಿಯುತ್ತದೆ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವುದೂ ಬೇಡ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಇಂಥ ಸಾವು ಕಂಡ ಮನೆಗಳಿಗೆ ಒಂದು ಮಾತು. ಪ್ರಾಣ ದೇವರ ವರ ಎಂದು ಕಲಿಸುವ ಧರ್ಮಸಭೆಯೇ, ತೀವ್ರ ಮಾನಸಿಕ ವೇದನೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲದು ಎಂದೂ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದೂ ತನ್ನ ಧರ್ಮೋಪದೇಶ ಗ್ರಂಥದಲ್ಲಿ ಹೇಳಿದೆ. ಅವರಿಗಾಗಿ ಪ್ರಾರ್ಥಿಸುತ್ತದೆ. ಆ ಮನೆಯವರಿಂದ ದೂರ ನಿಲ್ಲುವ ಹಕ್ಕು ನಮಗಾರಿಗೂ ಇಲ್ಲ.

ಗುಂಪಿನಲ್ಲಿ ಚರ್ಚಿಸಲು

1. ಎಲೀಯ ಸೇವಕನನ್ನು ಹಿಂದೆ ಬಿಟ್ಟು ಒಬ್ಬನೇ ಹೋದ. ಕಷ್ಟ ಬಂದಾಗ ನಾವು ಯಾರನ್ನು ಹಿಂದೆ ಬಿಡುತ್ತೇವೆ? ಏಕೆ?
2. ನನ್ನ ಮನೆಯಲ್ಲಿ ಫೇಲಾದ ಮಗ, ನಷ್ಟವಾದ ಅಪ್ಪ, ಒಬ್ಬಳೇ ಉಳಿದ ಅಜ್ಜಿ, ಯಾರ ಮಾತಿಗೆ ಕಿವಿ ಸಿಗುತ್ತಿಲ್ಲ?
3. ನನಗೆ ರೊಟ್ಟಿ ತಂದ ದೇವದೂತ ಯಾರಾಗಿದ್ದರು?

ಈ ವಾರದ ಕೆಲಸ: ಕೆಲವು ದಿನಗಳಿಂದ ಕಾಣದೆ ಇರುವ ಒಬ್ಬರ ಮನೆಗೆ ಹೋಗಿ. ಉಪದೇಶ ಬೇಡ. ಕೈಯಲ್ಲಿ ತಿನ್ನಲು ಏನಾದರೂ ಇರಲಿ, ಕೂತು ಕೇಳಿ.