ಮರಳುಗಲ್ಲಿನ ಕೆಂಪು

ಬಾದಾಮಿಯ ಗುಹೆಗಳನ್ನು ಕಂಡವರು ಅಲ್ಲಿನ ಬಂಡೆಯ ಕೆಂಪನ್ನು ಮರೆಯಲಾರರು. ಆದರೆ ಅಂತಹ ಮರಳುಗಲ್ಲಿನ ಕಣವೊಂದನ್ನು ಆಮ್ಲದಲ್ಲಿ ತೊಳೆದು ನೋಡಿದರೆ ಅದು ಬಹುಮಟ್ಟಿಗೆ ಬಣ್ಣವಿಲ್ಲದ ಕ್ವಾರ್ಟ್ಸ್! ಕೆಂಪು ಇರುವುದು ಕಣಗಳನ್ನು ಆವರಿಸಿದ ಅತಿ ತೆಳುವಾದ ಹೆಮಟೈಟ್ ಲೇಪದಲ್ಲಿ. ಈ ಲೇಪವು ಬಂದುದು ಎಲ್ಲಿಂದ?

ನದಿಯಾಗಲಿ ಗಾಳಿಯಾಗಲಿ ಮರಳನ್ನು ತಂದು ಹರಡುವಾಗ, ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಮ್ಯಾಗ್ನೆಟೈಟ್ ಮೊದಲಾದ ಕಬ್ಬಿಣವುಳ್ಳ ಖನಿಜಗಳೂ ಜೊತೆಗೆ ಬರುತ್ತವೆ. ಅವು ಅಂತರ್ಜಲದಲ್ಲಿ ಶಿಥಿಲವಾಗಿ ಕಬ್ಬಿಣವನ್ನು ಬಿಟ್ಟುಕೊಡುವುವು. ನೀರಿನಲ್ಲಿ ಆಮ್ಲಜನಕವಿದ್ದರೆ ಆ ಕಬ್ಬಿಣವು ಹಳದಿಮಿಶ್ರಿತ ಕಂದುಬಣ್ಣದ ಗೋಥೈಟ್ ಆಗಿ ಕಣಗಳಿಗೆ ಅಂಟಿಕೊಳ್ಳಬಹುದು. ಮೇಲೆ ಹೊಸ ಪದರಗಳು ಬಿದ್ದಂತೆಲ್ಲ ಹಳೆಯ ಮರಳು ಆಳಕ್ಕಿಳಿಯುವುದು; ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಉಷ್ಣತೆ ಏರುವುದು. ಆಗ ಗೋಥೈಟ್ ತನ್ನಲ್ಲಿನ ನೀರನ್ನು ಕಳೆದುಕೊಂಡು ಕೆಂಪು ಹೆಮಟೈಟ್ ಆಗುವುದು. ಕೆರೆಯ ಮಣ್ಣಿನ ಹಸಿ ಇಟ್ಟಿಗೆ ಆವಿಗೆಯಲ್ಲಿ ಕೆಂಪಾಗುವುದನ್ನು ನೀವು ಕಂಡಿರಬಹುದು. ಅಲ್ಲಿ ನೂರಾರು ಡಿಗ್ರಿಗಳ ಕಾವು ಕೆಲವೇ ದಿನಗಳಲ್ಲಿ ಮಾಡುವ ಕೆಲಸವನ್ನು ನೆಲದಾಳದ ಮಂದವಾದ ಕಾವು ಲಕ್ಷಾಂತರ ವರ್ಷಗಳಲ್ಲಿ ಮಾಡುತ್ತದೆ.

ಆಮ್ಲಜನಕವಿಲ್ಲದಿದ್ದರೆ ಕಥೆಯೇ ಬೇರೆ. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣವು ಸಾಮಾನ್ಯ ನೀರಿನಲ್ಲಿ ಕರಗದು. ಎರಡನ್ನು ಮಾತ್ರ ಕಳೆದುಕೊಂಡದ್ದು ಸುಲಭವಾಗಿ ಕರಗಿ ಹರಿಯುವುದು. ಈ ಕಬ್ಬಿಣವು ಗಂಧಕದೊಡನೆ ಸೇರಿದರೆ ಪೈರೈಟ್, ಕಾರ್ಬೊನೇಟಿನೊಡನೆ ಸೇರಿದರೆ ಸಿಡರೈಟ್. ಇನ್ನೂ ಆಳದಲ್ಲಿ ಕಬ್ಬಿಣವುಳ್ಳ ಕ್ಲೋರೈಟ್ ಹುಟ್ಟಿ ಕಣಗಳನ್ನು ಹೊದೆಯುವುದುಂಟು. ಈ ಹೊದಿಕೆಯು ಹೊಸ ಕ್ವಾರ್ಟ್ಸ್ ಬೆಳೆದು ರಂಧ್ರಗಳನ್ನು ಮುಚ್ಚದಂತೆ ತಡೆಯುತ್ತದೆ. ಹಲವು ಕಿಲೋಮೀಟರ್ ಆಳದ ಮರಳುಗಲ್ಲಿನಲ್ಲಿಯೂ ತೈಲಕ್ಕೆ ಎಡೆಯುಳಿಯಲು ಇದೂ ಒಂದು ಕಾರಣ.

ಅಮೆರಿಕದ ಯೂಟಾ ಪ್ರಾಂತದ ನವಾಹೊ ಮರಳುಗಲ್ಲು ಇದಕ್ಕೊಂದು ಪಾಠ. ಜುರಾಸಿಕ್ ಯುಗದ ಮರುಭೂಮಿಯ ದಿಬ್ಬಗಳೇ ಗಟ್ಟಿಯಾಗಿ ಆದ ಕಲ್ಲು ಅದು. ಆದರೂ ಒಂದೆಡೆ ಕೆಂಪು, ಇನ್ನೊಂದೆಡೆ ಬಿಳುಪು! ಹೈಡ್ರೋಕಾರ್ಬನ್ನುಗಳಂತಹ ಅಪಕರ್ಷಕಗಳನ್ನು ಹೊತ್ತ ದ್ರವಗಳು ಹರಿದೆಡೆ ಹೆಮಟೈಟ್ ಕರಗಿ ಬಂಡೆ ಬೆಳ್ಳಗಾಯಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಹಾಗೆ ಹರಿದ ಕಬ್ಬಿಣವು ಆಮ್ಲಜನಕವುಳ್ಳ ನೀರನ್ನು ಸಂಧಿಸಿದಲ್ಲಿ ಗೋಲಿಯಂತಹ ಉಂಡೆಗಳಾಗಿ ಮತ್ತೆ ಗಟ್ಟಿಗೊಂಡಿತು. 2004ರಲ್ಲಿ ಆಪರ್ಚುನಿಟಿ ಯಂತ್ರವು ಮಂಗಳಗ್ರಹದಲ್ಲಿ ಹೆಮಟೈಟಿನ ಸಣ್ಣ ಗುಂಡುಗಳನ್ನು ಕಂಡಾಗ, ಅಲ್ಲಿಯೂ ಹಿಂದೆ ನೀರಿದ್ದಿತೆಂಬ ವಾದಕ್ಕೆ ಬಲ ಬಂದುದು ಇಂತಹ ಹೋಲಿಕೆಗಳಿಂದಲೇ.

ಆದ್ದರಿಂದ ಕೆಂಪು ಕಲ್ಲನ್ನು ಕಂಡೊಡನೆ ಹಿಂದೆ ಇಲ್ಲಿ ಮರುಭೂಮಿಯಿತ್ತೆಂದು ತೀರ್ಮಾನಿಸುವುದು ಸರಿಯಲ್ಲ. ಕಲ್ಲಿನ ಬಣ್ಣವು ಅದರ ಜನ್ಮಸ್ಥಳವನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಹೂತುಹೋದ ಮೇಲೆ ಅದು ಕಂಡ ನೀರನ್ನೂ ಕಾವನ್ನೂ ಹೇಳುತ್ತದೆ.