ಬ್ಯಾರಲ್‌ನಲ್ಲಿ ಅಂಜೂರ, ಸ್ಟ್ರಾಬೆರಿ: ಮಾಡಬೇಕಾದ್ದು, ಮಾಡಬಾರದ್ದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಹಿತ್ತಲಲ್ಲೋ ಮನೆಯ ಮೇಲೋ ಬ್ಯಾರಲ್, ದೊಡ್ಡ ಕುಂಡ ಇಟ್ಟು ಅಂಜೂರ, ಹಿಪ್ಪುನೇರಳೆ, ಸ್ಟ್ರಾಬೆರಿ ಬೆಳೆಯುವವರಿಗೆ ಈ ಸೂಚನೆ. ರಾಸಾಯನಿಕ ಗೊಬ್ಬರ ಮುಟ್ಟುವುದಿಲ್ಲ ಎಂದವರು ಇನ್ನಷ್ಟು ಗಮನವಿಟ್ಟು ಓದಿರಿ. ಸಾವಯವ ಗೊಬ್ಬರಕ್ಕೂ ಹದವಿದೆ, ಹೊತ್ತಿದೆ. ಅದು ತಪ್ಪಿದರೆ ಗಿಡಕ್ಕೂ ಕೆಡುಕು, ತಿನ್ನುವವರಿಗೂ ಕೆಡುಕು.

ಮಾಡಬಾರದ್ದು

ಹೊಲದ ಎರೆಮಣ್ಣು ತಂದು ಕುಂಡಕ್ಕೆ ತುಂಬಬೇಡಿ. ಜೋಳಕ್ಕೆ, ಕಡಲೆಗೆ, ಹತ್ತಿಗೆ ಆ ಮಣ್ಣಿಗೆ ಸಮನಾದದ್ದಿಲ್ಲ, ನಿಜ. ಬ್ಯಾರಲ್‌ನೊಳಗೆ ಅದರ ನಡತೆಯೇ ಬೇರೆ. ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಬೇರಿಗೆ ಗಾಳಿ ಆಡುವುದಿಲ್ಲ. ಒಣಗಿದರೆ ಕುಗ್ಗಿ ಕುಂಡದ ಬದಿ ಬಿಟ್ಟು ನಿಲ್ಲುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಿಂದ ಸೋರಿ ಕೆಳಗಿಳಿಯುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಸುಣ್ಣದಂಶ ಹೆಚ್ಚಿರುವ ಈ ಮಣ್ಣಿನಲ್ಲಿ ಸ್ಟ್ರಾಬೆರಿಗೆ ಕಬ್ಬಿಣಾಂಶ ದಕ್ಕುವುದಿಲ್ಲ: ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಗುರುತು. ಆಗ ಗೊಬ್ಬರ ಸುರಿಯಬೇಡಿ, ಮಣ್ಣು ಬದಲಿಸಿರಿ.

ಒಲೆಯ ಬೂದಿ ಸ್ಟ್ರಾಬೆರಿ ಕುಂಡಕ್ಕೆ ಹಾಕಲೇಬೇಡಿ. ಅದಕ್ಕೆ ಬೇಕಾದ ರಸಸಾರ 5.5ರಿಂದ 6.5. ಬೂದಿ ಮಣ್ಣಿನ ಕ್ಷಾರವನ್ನು ಇನ್ನೂ ಏರಿಸುತ್ತದೆ. ಹುಳಿಮಣ್ಣಿನ ಮಲೆನಾಡಿಗೆ ಹೇಳಿದ ಮದ್ದು ನಮ್ಮ ಸೀಮೆಗೆ ಒಗ್ಗುವುದಿಲ್ಲ.

ಹಸಿ ಸಗಣಿ, ಹಸಿ ಕೋಳಿ ಗೊಬ್ಬರ, ಫ್ಯಾಕ್ಟರಿಯಿಂದ ಆಗಷ್ಟೇ ತಂದ ಕಬ್ಬಿನ ಪ್ರೆಸ್‌ಮಡ್ ಯಾವುದೂ ಕೂಡದು. ಕಾವಿಗೆ ಬೇರು ಬೇಯುತ್ತದೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಸ್ಟ್ರಾಬೆರಿ ಮಣ್ಣಿಗೆ ತಾಗಿಕೊಂಡೇ ಹಣ್ಣಾಗುತ್ತದೆ. ಅದನ್ನು ಸಿಪ್ಪೆ ಸುಲಿಯದೆ, ಬೇಯಿಸದೆ ತಿನ್ನುತ್ತೇವೆ, ಎಲ್ಲರಿಗಿಂತ ಮೊದಲು ಮಕ್ಕಳು ತಿನ್ನುತ್ತಾರೆ. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರುತ್ತವೆ. ಮಣ್ಣಿಗೆ ತಾಗುವ ಫಸಲಿಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನ ಅಂತರವಿರಲೇಬೇಕು ಎಂಬುದು ಅಮೆರಿಕದ ಸಾವಯವ ನಿಯಮ. ಸ್ಟ್ರಾಬೆರಿ ನೆಟ್ಟು ಮೊದಲ ಹಣ್ಣು ಕೀಳುವ ನಡುವೆ ಅಷ್ಟು ದಿನವೇ ಇರುವುದಿಲ್ಲ. ಆದ್ದರಿಂದ ನಮಗೆ ಹಸಿ ಗೊಬ್ಬರ ಬೇಡವೇ ಬೇಡ. ಜೀವಾಮೃತವನ್ನೂ ಹೂ ಬಿಡುವ ಮೊದಲೇ, ಹತ್ತು ಪಟ್ಟು ನೀರು ಬೆರೆಸಿ, ಬುಡಕ್ಕಷ್ಟೇ ಕೊಡಿರಿ. ಕಾಯಿ ಕಚ್ಚಿದ ಮೇಲೆ ನಿಲ್ಲಿಸಿ. ಎಲೆ, ಹಣ್ಣಿನ ಮೇಲೆ ಸಿಂಪಡಿಸಬೇಡಿ.

ಮಣ್ಣಿನ ಮಾಳಿಗೆಯ ಮೇಲೆ ಬ್ಯಾರಲ್ ಏರಿಸಬೇಡಿ. 200 ಲೀಟರ್ ಬ್ಯಾರಲ್‌ನ ಅರ್ಧ ತುಂಡಿಗೆ ಮಣ್ಣು ತುಂಬಿ ನೀರುಣಿಸಿದರೆ ತೂಕ 100 ಕೆ.ಜಿ. ದಾಟುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ಮಣ್ಣೂ ನೀರುಂಡು ಭಾರವಾಗಿರುತ್ತದೆ; ಕೆಳಗೆ ಮಂದಿ ಮಲಗಿರುತ್ತಾರೆ. ಸ್ಲ್ಯಾಬ್ ಮನೆಯಾದರೂ ನಡುವೆ ಸಾಲಾಗಿ ಇಡದೆ ಗೋಡೆಯ ನೇರಕ್ಕೆ ಇಡಿರಿ.

ಕೀಟನಾಶಕ, ಆ್ಯಸಿಡ್ ತುಂಬಿದ್ದ ಬ್ಯಾರಲ್ ಎಷ್ಟು ತೊಳೆದರೂ ಬೇಡ. ತಂಬಾಕಿನ ಕಷಾಯವೂ ಬೇಡ: ಎಲೆಯಿಂದ ತೆಗೆದದ್ದೇ ಆದರೂ ನಿಕೋಟಿನ್ ಮನುಷ್ಯನಿಗೂ ವಿಷ, ಜೇನಿಗೂ ವಿಷ. ಹತ್ತಿರದಲ್ಲಿ ಯಾರಾದರೂ ರೇಷ್ಮೆಹುಳು ಸಾಕುತ್ತಿದ್ದರೆ, ಏನನ್ನಾದರೂ ಸಿಂಪಡಿಸಿದ ಹಿಪ್ಪುನೇರಳೆ ಸೊಪ್ಪು ಅವರಿಗೆ ಕೊಡಕೂಡದು.

ಮಾಡಬೇಕಾದ್ದು

ಮೊದಲು ನೀರು ನೋಡಿರಿ, ಆಮೇಲೆ ಹಣ್ಣು ಆರಿಸಿರಿ. ಪಡುವಣದ ಕಿತ್ತೂರಿನ ಕಡೆ ಮಳೆ ಹೆಚ್ಚು. ಮೂಡಣದ ರಾಮದುರ್ಗಕ್ಕೆ ಹೋಗುತ್ತ ಕಡಿಮೆ. ಮಲಪ್ರಭೆಯ ನೀರಾವರಿ ಸೀಮೆಯವರಿಗೆ ಸವಳು-ಜವಳು ಹೊಸದಲ್ಲ. ಕೊಡದ ಅಂಚಿನಲ್ಲಿ, ಕುಂಡದ ಕಂಠದಲ್ಲಿ ಬಿಳಿ ಪೊರೆ ಕಟ್ಟುವ ಬೋರ್ ನೀರು ನಿಮ್ಮದಾದರೆ ಸ್ಟ್ರಾಬೆರಿಯ ಆಸೆ ಬಿಡಿರಿ; ಅದು ಉಪ್ಪು ತಡೆಯದ ಗಿಡ. ಅಂಜೂರ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಅನುಮಾನವಿದ್ದರೆ ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಮಳೆನೀರು ಹಿಡಿದಿಟ್ಟುಕೊಳ್ಳುವವರು ಯಾವ ಹಣ್ಣನ್ನಾದರೂ ಬೆಳೆಯಬಹುದು.

ಮಸಾರಿ ಮಣ್ಣು ಎರಡು ಪಾಲು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು ಕಲಸಿರಿ. ಕಳಿತ ಗೊಬ್ಬರ ಕೈಯಲ್ಲಿ ಹಿಡಿದರೆ ಬಿಸಿ ಇರದು, ವಾಸನೆ ಇರದು, ಉದುರುದುರಾಗಿರುತ್ತದೆ. ಅರ್ಧ ಬ್ಯಾರಲ್‌ಗೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿರಿ. ತಳದಲ್ಲಿ ಐದಾರು ತೂತು ಇರಲೇಬೇಕು. ತೂತಿನ ಮೇಲೆ ಹಂಚಿನ ಚೂರು ಸಾಕು. ಖಡಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆಂಬುದು ತಪ್ಪು ತಿಳಿವಳಿಕೆ. ಬೇರಿಗೆ ಜಾಗ ಕಡಿಮೆಯಾಗುತ್ತದೆ, ಅಷ್ಟೆ.

ಸ್ಟ್ರಾಬೆರಿಯನ್ನು ಚಳಿಗಾಲದ ಬೆಳೆಯೆಂದೇ ತಿಳಿಯಿರಿ. ಅಕ್ಟೋಬರ್-ನವೆಂಬರ್‌ನಲ್ಲಿ ನೆಡಬೇಕು, ಸಸಿ ಮಹಾಬಳೇಶ್ವರದ ಕಡೆಯಿಂದ ಬರುತ್ತದೆ. ನೆಡುವಾಗ ಕೈ ಸಾವಕಾಶವಾಗಲಿ. ಬೇರೂ ಎಲೆಯೂ ಕೂಡುವ ಗಂಟು, ಎಳೆ ಚಿಗುರು ಹೊರಡುವ ಜಾಗ, ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂಡಬೇಕು. ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಗಿಡದಿಂದ ಗಿಡಕ್ಕೆ ಒಂದಡಿ ಬಿಡಿರಿ. ಬುಡಕ್ಕೆ ಕಬ್ಬಿನ ರವದಿ ಹಾಸಿರಿ, ಹಣ್ಣು ಮಣ್ಣಿಗೆ ತಾಗದು. ನೀರು ಬೆಳಿಗ್ಗೆ, ಬುಡಕ್ಕೆ.

ಅಂಜೂರದ ಕೊಂಬೆಗಳನ್ನು ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸವರಿರಿ. ಆಗ ಹಣ್ಣು ಮಾರ್ಚ್-ಏಪ್ರಿಲ್‌ಗೆ ಬಂದು ಸಿಹಿಯಾಗುತ್ತದೆ. ಮಳೆಗಾಲದ ಹಣ್ಣಿಗೆ ಆ ರುಚಿ ಇರುವುದಿಲ್ಲ. ಸವರಿದ ಕೂಡಲೇ ಐದು ಕೆ.ಜಿ. ಕಳಿತ ಗೊಬ್ಬರ ಕೊಡಿರಿ. ಎಲೆಯ ಅಡಿಯಲ್ಲಿ ತುಕ್ಕಿನ ಪುಡಿ ಕಂಡರೆ ಆ ಎಲೆಗಳನ್ನು ಕಿತ್ತು ಸುಡಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಹಿಪ್ಪುನೇರಳೆಗೆ ಇಷ್ಟು ಆರೈಕೆ ಬೇಡ; ಹಣ್ಣು ಮುಗಿದ ಮೇಲೆ ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಮತ್ತೆ ಬಿಡುತ್ತದೆ.

ಬೇಸಿಗೆಯಲ್ಲಿ ಬ್ಯಾರಲ್‌ನ ಬಿಸಿಲ ಬದಿಗೆ ಗೋಣಿತಟ್ಟು ಕಟ್ಟಿರಿ. ಕಪ್ಪು ಬ್ಯಾರಲ್‌ಗೆ ಬಿಳಿ ಬಣ್ಣ ಬಳಿಯಿರಿ. ಗಿಳಿ, ಅಳಿಲಿಗಾಗಿ ಬಲೆ ಹಾಕುವವರು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿರಿ. ಸಡಿಲ ನೈಲಾನ್ ಬಲೆಗೆ ಹಕ್ಕಿ, ಹಾವು ಸಿಕ್ಕಿ ಸಾಯುತ್ತವೆ.

ಅಂಜೂರ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಕುತ್ತಿಗೆ ಬಾಗಿ, ಮುಟ್ಟಿದರೆ ಮೆತ್ತಗಾಗಿದ್ದಾಗಲೇ ಕೀಳಿರಿ. ತೊಟ್ಟಿನ ಹಾಲು ಚರ್ಮಕ್ಕೆ ಉರಿ ತರುತ್ತದೆ. ಕೈಗೆ ಬಟ್ಟೆ ಸುತ್ತಿಕೊಳ್ಳಿರಿ, ಮಕ್ಕಳಿಂದ ಕೀಳಿಸಬೇಡಿ.