ಓಡಲಾರದ ಕರು ಸೋಮಾರಿಯಲ್ಲ



ಒಂದೇ ವಯಸ್ಸಿನ ಎರಡು ಕರುಗಳನ್ನು ಬಿಚ್ಚಿದಾಗ ಒಂದು ಬಾಲವೆತ್ತಿ ಓಡುತ್ತದೆ. ಇನ್ನೊಂದು ನಾಲ್ಕು ಹೆಜ್ಜೆ ಹಾಕಿ ನಿಂತು ಏದುಸಿರು ಬಿಡುತ್ತದೆ. ಇಂಥ ಕರುವನ್ನು ಸೋಮಾರಿಯೆಂದು ಹೊಡೆಯುವುದೂ ತಪ್ಪು, ದೃಷ್ಟಿ ತಾಗಿದೆಯೆಂದು ಸುಮ್ಮನಿರುವುದೂ ತಪ್ಪು. ಅದರ ಹೃದಯದಲ್ಲಿ ಹುಟ್ಟಿನಿಂದಲೇ ರಂಧ್ರವಿರಬಹುದು. ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಬೆದರಿಸುವ ಸ್ಪರ್ಧೆಗೆ ಹೋರಿ ಸಾಕುವವರು, ಚನ್ನಗಿರಿಯಲ್ಲಿ ಹಾಲಿಗಾಗಿ ಕರು ಬೆಳೆಸುವವರು, ಜಗಳೂರಿನ ಬಯಲಿನಲ್ಲಿ ಕುರಿ ಮೇಯಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ರಂಧ್ರ ಉಳಿಯುವುದು ಹೇಗೆ?

ಗರ್ಭದಲ್ಲಿರುವ ಕರುವಿನ ಶ್ವಾಸಕೋಶ ಕೆಲಸ ಮಾಡುವುದಿಲ್ಲ. ಆದ್ದರಿಂದ ರಕ್ತವು ಅದನ್ನು ಬಳಸಿಹೋಗಲು ಹೃದಯದ ಮೇಲಿನ ಕೋಣೆಗಳ ನಡುವೆ ಒಂದು ಕಿಂಡಿ, ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಕಿರುನಾಳ ಇರುತ್ತವೆ. ಹುಟ್ಟಿದ ಮೇಲೆ ಇವು ಮುಚ್ಚಿಕೊಳ್ಳಬೇಕು. ಕೆಲವು ಕರುಗಳಲ್ಲಿ ಮುಚ್ಚುವುದಿಲ್ಲ. ಆದರೆ ಕರುಗಳಲ್ಲಿ ಹೆಚ್ಚಾಗಿ ಕಾಣುವುದು ಕೆಳಕೋಣೆಗಳ ನಡುವಿನ ಗೋಡೆ ಪೂರ್ತಿ ಬೆಳೆಯದೆ ಉಳಿದ ರಂಧ್ರ.

ದಣಿವು ಏಕೆ?

ಬಾವಿಯ ಪಂಪ್‌ಸೆಟ್ಟನ್ನು ನೆನೆಯಿರಿ. ಮೇಲೇರುವ ಪೈಪು ಸೀಳಿದ್ದರೆ ಎತ್ತಿದ ನೀರಿನಲ್ಲಿ ಒಂದು ಪಾಲು ಮರಳಿ ಬಾವಿಗೇ ಬೀಳುತ್ತದೆ. ಪಂಪು ದುಡಿಯುತ್ತದೆ, ಗದ್ದೆಯ ಕೊನೆ ಒಣಗುತ್ತದೆ. ಹೃದಯದಲ್ಲೂ ಹೀಗೆಯೇ. ಎಡಭಾಗದ ಶುದ್ಧರಕ್ತ ರಂಧ್ರದಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಮಲಗಿದ ಕರುವಿಗೆ ಉಳಿದ ರಕ್ತ ಸಾಕಾಗಬಹುದು. ಓಡುವಾಗ ಸ್ನಾಯುಗಳು ಹಲವು ಪಟ್ಟು ರಕ್ತ ಬೇಡುತ್ತವೆ. ಮೊದಲೇ ಹೆಚ್ಚು ದುಡಿಯುತ್ತಿರುವ ಹೃದಯ ಅದನ್ನು ಒದಗಿಸಲಾರದು. ಶ್ವಾಸಕೋಶದಲ್ಲಿ ರಕ್ತ ತುಂಬಿ ಉಸಿರು ಕಟ್ಟುತ್ತದೆ. ಕಾಲ ಕಳೆದಂತೆ ಅಲ್ಲಿಯ ಒತ್ತಡ ಏರಿ ಹರಿವು ತಿರುಗಿದರೆ ಅಶುದ್ಧ ರಕ್ತ ಮೈಗೆ ಸೇರಿ ವಸಡು ನೀಲಿಗಟ್ಟುತ್ತದೆ.

ನೀವು ಮಾಡಬೇಕಾದದ್ದು

1. ಕರುವನ್ನು ಪರೀಕ್ಷೆಗೆಂದು ಓಡಿಸಬೇಡಿ. ನೆರಳಿನಲ್ಲಿ ಮಲಗಿದ್ದಾಗ ಪಕ್ಕೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿ, ಜೊತೆಯ ಕರುವಿನೊಡನೆ ಹೋಲಿಸಿ. ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಉಸಿರೆಳೆಯುತ್ತದೆಯೇ ನೋಡಿ.

2. ಜಂತುಹುಳು, ರಕ್ತಹೀನತೆ, ನ್ಯುಮೋನಿಯಾಗಳಲ್ಲೂ ಇದೇ ದಣಿವು ಇರುತ್ತದೆ, ಇವು ಗುಣವಾಗುವಂಥವು. ಆದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ.

3. ವೈದ್ಯರು ಎದೆಯ ಎರಡೂ ಕಡೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ರಂಧ್ರವಿದ್ದರೆ ಬಡಿತದ ಜೊತೆ 'ಬುಸ್' ಎಂಬ ಸದ್ದಿರುತ್ತದೆ. ಸದ್ದು ಜೋರೆಂದು ಗಾಬರಿ ಬೇಡ. ಚಿಕ್ಕ ರಂಧ್ರವೇ ಹೆಚ್ಚು ಸದ್ದು ಮಾಡುವುದುಂಟು. ರಂಧ್ರದ ಅಳತೆ ತಿಳಿಯಲು ಅಲ್ಟ್ರಾಸೌಂಡ್ ಬೇಕು.

4. ಚಿಕ್ಕ ರಂಧ್ರದ ಕರು ದೊಡ್ಡದಾಗಿ ಬಾಳಬಹುದು. ಆದರೂ ಅದನ್ನು ಸ್ಪರ್ಧೆಗೆ ಓಡಿಸಬೇಡಿ, ನೊಗಕ್ಕೆ ಪಳಗಿಸಬೇಡಿ, ಕುರಿಮರಿಯಾದರೆ ದೂರದ ಮೇವಿಗೆ ಅಟ್ಟಬೇಡಿ.

5. ಗಂಗೆದೊಗಲು ಊದಿದರೆ, ಕತ್ತಿನ ರಕ್ತನಾಳ ಉಬ್ಬಿದರೆ ಹೃದಯ ಸೋಲುತ್ತಿದೆಯೆಂದು ತಿಳಿದು ತಡಮಾಡದೆ ವೈದ್ಯರನ್ನು ಕರೆಸಿ. ಔಷಧಿ ಬಾವನ್ನು ಇಳಿಸೀತು, ರಂಧ್ರವನ್ನು ಮುಚ್ಚದು. ಟಾನಿಕ್ಕಿಗೆ ಹಣ ಸುರಿಯಬೇಡಿ.

6. ಈ ದೋಷ ಕೆಲವೊಮ್ಮೆ ವಂಶದಲ್ಲಿ ಇಳಿಯುತ್ತದೆ. ಇಂಥ ಕರುವನ್ನು ತಳಿಗೆ ಬಳಸಬೇಡಿ. ಒಂದೇ ಹೋರಿಗೆ ಇಂಥ ಕರುಗಳು ಮತ್ತೆ ಹುಟ್ಟಿದರೆ ಹೋರಿಯನ್ನು ಬದಲಿಸಿ.

ಬಾರುಕೋಲು ಎತ್ತುವ ಮೊದಲು ಕರುವಿನ ಉಸಿರು ಎಣಿಸಿ. ಒಂದು ನಿಮಿಷದ ಈ ಕೆಲಸ ನಿಮ್ಮ ಹಣವನ್ನೂ ಕರುವಿನ ಜೀವವನ್ನೂ ಉಳಿಸೀತು.